ಪೆರ್ಡೂರು ಮೇಳದ ಸುವರ್ಣಯುಗ ಯಾವುದು?

ನಮ್ಮ ಪೆರ್ಡೂರಿನ ಅನಂತಪದ್ಮನಾಭ ದೇವರು ಕದಳೀಪ್ರಿಯ; ಬಾಳೆಹಣ್ಣು ಸಮರ್ಪಿಸಿದರೆ ಸಂತುಷ್ಟನಾಗುತ್ತಾನೆ. ಆದರೆ ಅವನ ಹೆಸರಿನಲ್ಲಿ ತಿರುಗಾಟ ಮಾಡುವ ಮೇಳದ ಅಭಿಮಾನಿಗಳನ್ನು ಸಂತುಷ್ಟಿಗೊಳಿಸುವುದು ಅಷ್ಟು ಸುಲಭವಲ್ಲ. ಆಟದ ಹುಚ್ಚಿನವರು ನಾಲ್ವರು ಒಂದೆಡೆ ಸೇರಿದರೆಂದರೆ, ಮದುವೆಯ ಚಪ್ಪರವಾಗಲಿ ಉತ್ತರಕ್ರಿಯೆಯ ಪಂಕ್ತಿಯಾಗಲಿ, ಹತ್ತು ನಿಮಿಷಗಳೊಳಗೆ ಮಾತು ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಪೆರ್ಡೂರು ಮೇಳದ ಉಚ್ಛ್ರಾಯದ ಕಾಲ ಯಾವುದು? ಅದು ಮುಗಿದು ಹೋಯಿತೇ, ಇನ್ನೂ ಇದೆಯೇ?

ದೂರದ ಊರುಗಳಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗಾಗಿ ಒಂದು ಮಾತು. ಬಡಗುತಿಟ್ಟಿನ ಡೇರೆ ಮೇಳಗಳೆಂದರೆ ಇಂದಿಗೂ ಮೊದಲು ನಾಲಗೆಗೆ ಬರುವ ಹೆಸರುಗಳು ಎರಡು, ಸಾಲಿಗ್ರಾಮ ಮತ್ತು ಪೆರ್ಡೂರು. ಮಳೆಗಾಲ ಕಳೆದ ಮೇಲೆ ಹೊರಟ ಮೇಳ ಮುಂದಿನ ಮಳೆ ಬರುವವರೆಗೆ, ಹೆಚ್ಚುಕಡಿಮೆ ಪ್ರತಿ ರಾತ್ರಿಯೂ ಒಂದೊಂದು ಊರಿನಲ್ಲಿ ಆಟ ಆಡುತ್ತದೆ. ಒಂದೇ ಹೆಸರಿನ ಮೇಳ ದಶಕಗಳ ಕಾಲ ನಡೆದರೂ ಅದರೊಳಗಿನ ಭಾಗವತರು ಬದಲಾಗುತ್ತಾರೆ, ವೇಷಧಾರಿಗಳು ಬದಲಾಗುತ್ತಾರೆ, ಪ್ರಸಂಗಗಳು ಬದಲಾಗುತ್ತವೆ. ವಾದ ಹುಟ್ಟುವುದು ಇಲ್ಲಿಯೇ.

ನಮ್ಮಲ್ಲಿ ಮೂರು ಪಂಗಡಗಳಿವೆ. ಮೊದಲನೆಯವರು ಹಿರಿಯರು, ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಪೆರ್ಡೂರು ಮೇಳದಲ್ಲಿದ್ದ ವರ್ಷಗಳನ್ನು ಬಿಟ್ಟು ಬೇರೊಂದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. 2012ರಲ್ಲಿ ಪದ್ಮಶ್ರೀ ಬಂದಾಗ ಚಿಟ್ಟಾಣಿಯವರಿಗೆ ಎಂಬತ್ತರ ಸಮೀಪ. ‘ಪ್ರಶಸ್ತಿ ಈಗ ಬಂತು, ಭಸ್ಮಾಸುರ ಆಗಲೇ ಬಂದು ಹೋಗಿದ್ದ’ ಎಂದು ಈ ಪಂಗಡದ ಹಿರಿಯರೊಬ್ಬರು ಹೇಳಿದ್ದುಂಟು. ಎರಡನೆಯವರು ಸುಬ್ರಹ್ಮಣ್ಯ ಧಾರೇಶ್ವರರ ಭಕ್ತರು. ಭಾಗವತರಾಗಿ ದುಡಿದ ನಲವತ್ತಾರು ವರ್ಷಗಳಲ್ಲಿ ಇಪ್ಪತ್ತೆಂಟನ್ನು ಅವರು ಪೆರ್ಡೂರು ಮೇಳಕ್ಕೇ ಕೊಟ್ಟವರು. ಧಾರೇಶ್ವರರ ಪದ್ಯಕ್ಕೆ ಕೊಂಡದಕುಳಿ ರಾಮಚಂದ್ರ ಹೆಗಡೆಯವರು ರಂಗಸ್ಥಳಕ್ಕೆ ಬರುತ್ತಿದ್ದ ರಾತ್ರಿಗಳನ್ನು ನೆನೆದು ಈಗಲೂ ಕಣ್ಣು ಮುಚ್ಚುವವರನ್ನು ನಾನು ಬಲ್ಲೆ. ಮೂರನೆಯವರು ತರುಣರು, ನನ್ನ ತಂಗಿಯ ಮಗನಂಥವರು. ಅವರಿಗೆ ಧಾರೇಶ್ವರರ ಅನಂತರ ಪ್ರಧಾನ ಭಾಗವತರಾಗಿ ಬಂದ ಜನ್ಸಾಲೆ ರಾಘವೇಂದ್ರ ಆಚಾರ್ಯರ ಕಂಠವೇ ಮೇಳದ ಶಿಖರ. ಜೊತೆಗೆ ಸುನಿಲ್ ಭಂಡಾರಿ ಕಡತೋಕರ ಮದ್ದಳೆ ಇರಬೇಕು. ಅದಿಲ್ಲದಿದ್ದರೆ ಸಾರಿಗೆ ಉಪ್ಪಿಲ್ಲ.

ಇವರೆಲ್ಲರ ನಡುವೆ ನನ್ನ ಭಾವನವರೊಬ್ಬರಿದ್ದಾರೆ. ಕೋಟದ ಕಡೆಯವರು. ಅವರದು ಪಂಗಡವಲ್ಲ, ಏಕವ್ಯಕ್ತಿ ಸೈನ್ಯ. ಪೆರ್ಡೂರಿನ ವಿಷಯ ಬಂದರೂ ಸಾಲಿಗ್ರಾಮದ ವಿಷಯ ಬಂದರೂ ಅವರ ತೀರ್ಪು ಒಂದೇ. ಎಲೆಯಡಿಕೆ ಬಾಯಿಗೆ ಹಾಕಿಕೊಂಡು, ಕುಂದಾಪುರದ ಕನ್ನಡದಲ್ಲಿ, ಎಲ್ಲರ ಮಾತು ಮುಗಿಯುವವರೆಗೆ ಕಾದು ಹೇಳುತ್ತಾರೆ: ‘ಹ್ವಾಯ್, ನಾವಡ್ರ್ ಹ್ವಾದ್ ಮೇಲೆ ಆಟ ಎಲ್ಲಿತ್ ಮಾರಾಯ್ರೆ?’

2024ರ ಎಪ್ರಿಲ್ 25ರಂದು ಧಾರೇಶ್ವರರು ನಿಧನರಾದಾಗ ಈ ವಾದ ಹೊಸದಾಗಿ ಹೊತ್ತಿಕೊಂಡಿತು. ಸಾವಿನ ಮನೆಯ ಬೂದಿ ಆರುವ ಮೊದಲೇ ಹೋಲಿಕೆ ಶುರು. ನಾವಡರು ದೊಡ್ಡವರೋ ಧಾರೇಶ್ವರರು ದೊಡ್ಡವರೋ? ಅಂದು ನಾನು ಭಾವನವರ ಮುಂದೆ ಒಂದು ಸಣ್ಣ ಲೆಕ್ಕವನ್ನಿಟ್ಟೆ. ಇತಿಹಾಸದ ಮಾಸ್ತರನಿಗೆ ಇಸವಿಗಳಲ್ಲದೆ ಬೇರೆ ಆಯುಧ ಎಲ್ಲಿದೆ?

ಗುಂಡ್ಮಿ ಕಾಳಿಂಗ ನಾವಡರು ಹುಟ್ಟಿದ್ದು 1958ರಲ್ಲಿ. ಗೋಕರ್ಣದ ಧಾರೇಶ್ವರರು ಹುಟ್ಟಿದ್ದು 1957ರಲ್ಲಿ. ನಾವು ನಾವಡರನ್ನು ಹಿಂದಿನ ತಲೆಮಾರಿನವರೆಂದೂ ಧಾರೇಶ್ವರರನ್ನು ಅವರ ಅನಂತರದವರೆಂದೂ ಮಾತಾಡುತ್ತೇವೆ. ವಾಸ್ತವದಲ್ಲಿ ಧಾರೇಶ್ವರರೇ ಕೆಲವು ತಿಂಗಳು ಹಿರಿಯರು! ಇಬ್ಬರೂ ನಾರಣಪ್ಪ ಉಪ್ಪೂರರ ಶಿಷ್ಯರು. ನಾವಡರು 1990ರ ಮೇ 27ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೆರಡು ಕೂಡ ತುಂಬಿರಲಿಲ್ಲ. ಧಾರೇಶ್ವರರು ಅದರ ಮೇಲೆ ಮತ್ತೆ ಮೂವತ್ತನಾಲ್ಕು ವರ್ಷ ಬದುಕಿದರು.

ಇದರ ಅರ್ಥವೇನೆಂದು ಯೋಚಿಸಿ. ನಾವಡರ ಕಂಠಕ್ಕೆ ಮುಪ್ಪು ಬರಲೇ ಇಲ್ಲ. ಶೀತವಾದ ಗಂಟಲಿನಲ್ಲಿ, ಐವತ್ತೈದನೆಯ ವಯಸ್ಸಿನಲ್ಲಿ, ಜನವರಿಯ ಚಳಿಯ ಮೂರು ಗಂಟೆಯ ಹೊತ್ತಿಗೆ ಅವರು ಏರುಶ್ರುತಿಯಲ್ಲಿ ಹಾಡಬೇಕಾಗಿ ಬರಲಿಲ್ಲ. ಧಾರೇಶ್ವರರಿಗೆ ಬಂತು. ಮೂವತ್ತೊಂದರಲ್ಲಿ ನಿಂತುಹೋದ ಒಬ್ಬರನ್ನೂ ಅರವತ್ತಾರರವರೆಗೆ ಬಾಳಿದ ಇನ್ನೊಬ್ಬರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವೇ? ಹಾಗೆ ತೂಗುವುದಾದರೆ 1990ರವರೆಗಿನ ಧಾರೇಶ್ವರರನ್ನು ಮಾತ್ರ ತೂಗಬೇಕಾಗುತ್ತದೆ. ಅನಂತರದ್ದೆಲ್ಲ ಅವರ ಹೆಚ್ಚಿನ ದುಡಿಮೆ.

ಭಾವನವರು ಉಗುಳುದಾನಿಯನ್ನು ಹತ್ತಿರ ಎಳೆದುಕೊಂಡರು; ಉತ್ತರ ಕೊಡಲಿಲ್ಲ. (ಅವರು ಒಪ್ಪಿಕೊಂಡರೆಂದು ಯಾರೂ ತಿಳಿಯಬಾರದು. ಮರುದಿನ ಬೆಳಗ್ಗೆ ಅದೇ ಮಾತು ಅದೇ ಧಾಟಿಯಲ್ಲಿ ಪುನಃ ಬಂತು.)

ನಾನೂ ನಾವಡರನ್ನು ಕೇಳಿದವನೇ. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಸಾಲಿಗ್ರಾಮ ಮೇಳದ ‘ನಾಗಶ್ರೀ’ ಎಲ್ಲಿದ್ದರೂ ಹೋಗುತ್ತಿದ್ದೆವು. ಪ್ರಸಂಗವೂ ಅವರದೇ ರಚನೆ. ರಾತ್ರಿಯಿಡೀ ಡೇರೆಯ ನೆಲದಲ್ಲಿ ಕುಳಿತು, ಬೆಳಗ್ಗೆ ಮೊದಲ ಬಸ್ಸಿನಲ್ಲಿ ನೇರ ಶಾಲೆಗೆ ಹೋಗಿ ಪಾಠ ಮಾಡಿದ ದಿನಗಳಿವೆ. ಆ ಕಂಠದ ವಿಷಯದಲ್ಲಿ ಭಾವನವರು ಹೇಳುವುದರಲ್ಲಿ ಒಂದಕ್ಷರವೂ ಅತಿಶಯೋಕ್ತಿಯಲ್ಲ. ಆದರೆ ಅದೇ ಕಾಲದಲ್ಲಿ ಡೇರೆಯ ಹೊರಗೆ ಚಹಾ ಕುಡಿಯುತ್ತ ನಿಂತ ಹಿರಿಯರು ಏನನ್ನುತ್ತಿದ್ದರೆಂಬುದೂ ನನ್ನ ಕಿವಿಯಲ್ಲಿದೆ. ‘ಹುಡುಗ ರಾಗ ಎಳೆದು ಎಳೆದು ಪದ್ಯವನ್ನು ಕೊಲ್ಲುತ್ತಾನೆ. ಉಪ್ಪೂರರ ಕಾಲದ ಗತ್ತು ಇನ್ನೆಲ್ಲಿ?’ ಹಿಂದೂಸ್ಥಾನಿ ರಾಗಗಳ ಛಾಯೆ, ದೀರ್ಘ ಆಲಾಪನೆ, ಹೊಸ ಕತೆಗಳು, ಇವೆಲ್ಲ ಆಟದ ಅವನತಿಯ ಚಿಹ್ನೆಗಳೆಂದು ಅವರು ನಂಬಿದ್ದರು. ಇಂದು ಯಾವುದನ್ನು ಸುವರ್ಣಯುಗವೆನ್ನುತ್ತೇವೋ ಅದು ಅಂದು ಹಿರಿಯರ ಕಣ್ಣಿಗೆ ಕಲಿಯುಗ.

ಅವರಿಗಿಂತ ಹಿಂದಕ್ಕೆ ಹೋದರೂ ಇದೇ ಕತೆ. ನನ್ನ ತೀರ್ಥರೂಪರಿಗೆ ಡೇರೆಯೇ ಆಗದು. ‘ಬಯಲಿನಲ್ಲಿ ದೀವಟಿಗೆಯ ಬೆಳಕಿನಲ್ಲಿ ಆಡುವುದು ಆಟ, ಟಿಕೇಟು ಹರಿದು ಒಳಗೆ ಬಿಡುವುದು ಸರ್ಕಸ್ಸು’ ಎಂಬುದು ಅವರ ಸಿದ್ಧಾಂತ. ಅವರ ಕಾಲದಲ್ಲಿಯೇ ಕೋಟದ ಶಿವರಾಮ ಕಾರಂತರು ‘ಯಕ್ಷಗಾನ ಬಯಲಾಟ’ ಬರೆದರು. 1959ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನಾಟಕದ ಉಡುಗೆ ತೊಡುಗೆ ಆಟದೊಳಕ್ಕೆ ನುಸುಳಿ ಅದರ ಚೆಲುವನ್ನು ಕೆಡಿಸಿತೆಂಬ ಕೊರಗು ಕಾರಂತರಿಗೂ ಇತ್ತು. ಅಂದರೆ ನನ್ನ ಭಾವನವರ ಸುವರ್ಣಯುಗಕ್ಕೆ ಇಪ್ಪತ್ತು ಮೂವತ್ತು ವರ್ಷ ಮೊದಲೇ ಆಟ ಕೆಟ್ಟುಹೋಗಿತ್ತು!

ಮೂವತ್ತು ವರ್ಷ ನಾನು ಸಮಾಜ ವಿಜ್ಞಾನ ಕಲಿಸಿದೆ. ‘ಗುಪ್ತರ ಕಾಲವನ್ನು ಸುವರ್ಣಯುಗವೆಂದು ಏಕೆ ಕರೆಯುತ್ತಾರೆ?’ ಎಂಬ ಐದು ಅಂಕದ ಪ್ರಶ್ನೆ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಕಾಳಿದಾಸ, ಆರ್ಯಭಟ, ಅಜಂತಾ ಎಂದು ಬೆರಳು ಮಡಚಿ ಬಾಯಿಪಾಠ ಮಾಡಿಸಿದವನು ನಾನೇ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಸರ್, ತಾವು ಸುವರ್ಣಯುಗದಲ್ಲಿದ್ದೇವೆಂದು ಆ ಕಾಲದವರಿಗೆ ಗೊತ್ತಿತ್ತಾ?’ ಎಂದು ಕೇಳಿದಳು. ತರಗತಿ ನಕ್ಕಿತು. ನಾನು ಅವಳನ್ನು ಕುಳ್ಳಿರಿಸದೆ ಆ ಇಡೀ ಪೀರಿಯಡ್ಡನ್ನು ಅದೇ ಪ್ರಶ್ನೆಗೆ ಕೊಟ್ಟೆ. ಪಾಠ ಒಂದು ದಿನ ಹಿಂದೆ ಬಿತ್ತು, ಬೀಳಲಿ. ಆ ಮೂವತ್ತು ವರ್ಷಗಳಲ್ಲಿ ನನಗೆ ಎದುರಾದ ಒಳ್ಳೆಯ ಪ್ರಶ್ನೆಗಳಲ್ಲಿ ಅದೊಂದು.

ಇದು ನಮ್ಮ ಊರಿನ ರೋಗ ಮಾತ್ರವಲ್ಲ. ಇಂಗ್ಲೆಂಡಿನಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿಯೊಬ್ಬ ಜೆನೆಸಿಸ್ ಎಂಬ ರಾಕ್ ಸಂಗೀತದ ತಂಡದ ಕತೆಯನ್ನು ನನಗೆ ಫೋನಿನಲ್ಲಿ ಹೇಳಿದ. ಇಪ್ಪತ್ತು ನಿಮಿಷಕ್ಕೂ ಮೀರಿದ ಒಂದೇ ಹಾಡು, ಅದರಲ್ಲಿ ಕತೆ, ಹಾಡುವವರಿಗೆ ಮುಖವಾಡ ಮತ್ತು ವೇಷ. ಕೇಳಿದಾಗ ನನಗೆ ಚೌಕಿಯ ನೆನಪಾಯಿತು. 1975ರಲ್ಲಿ ಅವರ ಗಾಯಕ ಪೀಟರ್ ಗೇಬ್ರಿಯಲ್ ತಂಡ ಬಿಟ್ಟರಂತೆ. ಹೊಸ ಗಾಯಕನಿಗಾಗಿ ಹುಡುಕಿ, ಕೊನೆಗೆ ಡ್ರಮ್ಸ್ ನುಡಿಸುತ್ತಿದ್ದ ಫಿಲ್ ಕಾಲಿನ್ಸ್ ಅವರೇ ಹಾಡಲು ನಿಂತರಂತೆ. ಚಂಡೆಯವರೇ ಭಾಗವತರಾದ ಹಾಗೆ! ಅಲ್ಲಿಂದಾಚೆಗೆ ಅಭಿಮಾನಿಗಳು ಎರಡು ಪಾಲು. ಗೇಬ್ರಿಯಲ್ ಹೋದಂದೇ ಜೆನೆಸಿಸ್ ಸತ್ತಿತೆನ್ನುವವರು ಒಂದು ಕಡೆ. ಹಾಡುಗಳು ಮನೆಮನೆಗೆ ತಲುಪಿದ್ದೇ ಕಾಲಿನ್ಸ್ ಕಾಲದಲ್ಲಿ ಎನ್ನುವವರು ಇನ್ನೊಂದು ಕಡೆ. 2022ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನಲ್ಲಿ ಅವರ ಕೊನೆಯ ಕಾರ್ಯಕ್ರಮ. ಅನಾರೋಗ್ಯದಿಂದ ನಿಲ್ಲಲಾಗದ ಕಾಲಿನ್ಸ್ ಭಾಗವತರಂತೆ ಕುಳಿತೇ ಹಾಡಿದರು, ಡ್ರಮ್ಸ್ ನುಡಿಸಿದವನು ಅವರ ಮಗ, ಸಭೆಯಲ್ಲಿ ಪ್ರೇಕ್ಷಕರಾಗಿ ಗೇಬ್ರಿಯಲ್ ಕೂಡ ಇದ್ದರು. ತಂಡ ಬಿಟ್ಟ ಗಾಯಕ ಬಂದು ಕುಳಿತು ಕೇಳಿದರೂ ಅಭಿಮಾನಿಗಳ ಜಗಳ ಮಾತ್ರ ನಿಂತಿಲ್ಲವಂತೆ.

ಇರಲಿ. ‘ಎಲ್ಲರಿಗೂ ಅವರವರ ಯೌವನವೇ ಸುವರ್ಣಯುಗ, ಅಷ್ಟೆ’ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಹಲವರು ಹಾಗೆ ಹೇಳಿ ಬುದ್ಧಿವಂತರೆನಿಸಿಕೊಳ್ಳುತ್ತಾರೆ. ನನಗೆ ಅದು ಸೋಮಾರಿಯ ಉತ್ತರವಾಗಿ ಕಾಣುತ್ತದೆ. ಏರಿಳಿತಗಳು ಇದ್ದೇ ಇವೆ, ಅವನ್ನು ಗುರುತಿಸಲೂ ಸಾಧ್ಯ. ಆದರೆ ಅದಕ್ಕೆ ಮೊದಲು ನಾವು ಯಾವುದನ್ನು ಯಾವುದರೊಡನೆ ಹೋಲಿಸುತ್ತಿದ್ದೇವೆ ಎಂಬುದನ್ನು ನೋಡಬೇಕು.

ನಾವಡರು ಇಂದಿನ ಮಕ್ಕಳಿಗೆ ತಲುಪಿರುವುದು ಧ್ವನಿಸುರುಳಿಗಳ ಮೂಲಕ. ಎಂಟು ಗಂಟೆಗಳ ಆಟದಿಂದ ಆಯ್ದ ಒಂದು ಗಂಟೆ, ಅದೂ ಅತ್ಯುತ್ತಮವಾದದ್ದು. ಧಾರೇಶ್ವರರು ಕ್ಯಾಸೆಟ್ಟಿನಿಂದ ಸಿ.ಡಿ.ಗೆ, ಅಲ್ಲಿಂದ ಯೂಟ್ಯೂಬಿಗೆ ದಾಟಿ ಬಂದವರು. ಜನ್ಸಾಲೆಯವರ ಕಾಲಕ್ಕೆ ಪ್ರತಿ ಕುರ್ಚಿಯಲ್ಲೂ ಒಂದು ಮೊಬೈಲ್. ಅವರ ಒಳ್ಳೆಯ ರಾತ್ರಿಯೂ ಅಲ್ಲಿದೆ, ಗಂಟಲು ಕೈಕೊಟ್ಟ ರಾತ್ರಿಯೂ ಅಲ್ಲಿದೆ. ತೀರಿಹೋದವರಿಗೆ ಆರಿಸಿದ ಒಂದು ಗಂಟೆ, ಇದ್ದವರಿಗೆ ವರ್ಷದ ಎಲ್ಲ ರಾತ್ರಿಗಳು. ಈ ಎರಡನ್ನು ಹೋಲಿಸಿ ‘ಆಗಿನಂತಿಲ್ಲ’ ಎಂದು ತೀರ್ಪು ಕೊಡುವುದು ಬೇಡ. ಅಂದು ಡೇರೆಯಲ್ಲಿ ಕುಳಿತು ನಾವೇ ತೂಕಡಿಸಿದ ಹೊತ್ತನ್ನು ಯಾವ ಕ್ಯಾಸೆಟ್ಟೂ ಉಳಿಸಿಕೊಂಡಿಲ್ಲ.

ಇನ್ನೊಂದು ಮಾತು. ಭಾಗವತರ ಶಿಖರವೇ ಮೇಳದ ಶಿಖರವಲ್ಲ. ಹಿಮ್ಮೇಳ ಉಜ್ಜ್ವಲವಾಗಿದ್ದು ಅರ್ಥಗಾರಿಕೆ ಸಪ್ಪೆಯಾದ ವರ್ಷಗಳನ್ನು ಎಲ್ಲ ಮೇಳಗಳಲ್ಲಿಯೂ ಕಂಡಿದ್ದೇನೆ. ಪೆರ್ಡೂರು ಮೇಳಕ್ಕೆ ನನ್ನದೇ ಉತ್ತರ ಕೇಳಿದರೆ 1990ರ ದಶಕದ ಉತ್ತರಾರ್ಧವೆನ್ನುತ್ತೇನೆ. ಆಗ ನನಗೆ ವಯಸ್ಸು ಮೂವತ್ತೈದು ದಾಟಿತ್ತು, ಯೌವನದ ಅಮಲು ಇಳಿದಿತ್ತು. ಆದ್ದರಿಂದ ಸಾಕ್ಷಿಯನ್ನು ತಳ್ಳಿಹಾಕುವಂತಿಲ್ಲ! ಧಾರೇಶ್ವರರ ಕಂಠ ಪಕ್ವವಾಗಿದ್ದ ಕಾಲ ಅದು. ಹೊಸ ಪ್ರಸಂಗಗಳನ್ನು ರಂಗಕ್ಕೆ ಹೊಂದಿಸುವ ವಿದ್ಯೆ ಅವರಿಗೆ ಕರಗತವಾಗಿತ್ತು; ಪುರಾಣ ಪ್ರಸಂಗ ಬಂದರೆ ಅದನ್ನು ಉಪ್ಪೂರರ ಪಾಠದಂತೆ ನಡೆಸುವ ಸಂಯಮವೂ ಇತ್ತು. ಪದ್ಯಕ್ಕೆ ತಕ್ಕ ಕುಣಿತ, ಕುಣಿತದ ಮೇಲೆ ಅರ್ಥ, ಅರ್ಥವನ್ನು ಕೇಳಲು ಬೆಳಗಿನವರೆಗೆ ಕುಳಿತ ಜನ. ಈ ಕೊನೆಯದನ್ನು ಮರೆಯಬೇಡಿ. ಮುಂದೆ ಚಲನಚಿತ್ರದ ಕತೆಗಳು ರಂಗಸ್ಥಳ ಹತ್ತಿ ‘ನಾಗವಲ್ಲಿ’ಯಂಥವು ಡೇರೆ ತುಂಬಿಸಿದವು. ನನಗೆ ಅವು ಹಿಡಿಸಲಿಲ್ಲ. ಹಿಡಿಸಿದವರ ಸಂಖ್ಯೆ ಬಹು ದೊಡ್ಡದೆಂಬುದನ್ನೂ ಕಣ್ಣಾರೆ ಕಂಡಿದ್ದೇನೆ. ಜನ್ಸಾಲೆಯವರ ಕಾಲದಲ್ಲಿ ಡೇರೆ ಪುನಃ ತರುಣರಿಂದ ತುಂಬಿದ್ದು ಸಣ್ಣ ಸಂಗತಿಯಲ್ಲ. ಆದರೆ ಮೆಚ್ಚಿನ ಪದ್ಯಗಳು ಮುಗಿದೊಡನೆ, ರಾತ್ರಿ ಒಂದು ಗಂಟೆಗೆ, ಬೈಕುಗಳು ಸಾಲಾಗಿ ಹೊರಡುವ ಸದ್ದನ್ನು ಆ ಕಾಲದಲ್ಲಿಯೇ ನಾನು ಮೊದಲು ಕೇಳಿದ್ದು.

ಈ ವಾದದಿಂದ ಯಾರಿಗೆ ನಷ್ಟ ಎಂಬುದು ನನಗೆ ತಿಳಿದದ್ದು ಧಾರೇಶ್ವರರು ಹೋದ ವರ್ಷದ ಮಳೆಗಾಲದಲ್ಲಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹತ್ತನೆಯ ತರಗತಿಯ ಬಳಿಕ ಓದು ಬಿಟ್ಟು, ಕೋಡಂಗಿ ಬಾಲಗೋಪಾಲಗಳಿಂದ ಆರಂಭಿಸಿ, ಈಗ ಒಂದು ಮೇಳದಲ್ಲಿ ಪುಂಡುವೇಷ ಮಾಡುತ್ತಾನೆ. ವಯಸ್ಸು ನಲವತ್ತೆರಡು, ಮಂಡಿ ನೋವು. ನಮ್ಮ ಜಗಲಿಯಲ್ಲಿ ಎಂದಿನ ಚರ್ಚೆ ನಡೆದಿತ್ತು. ಭಾವನವರು ನಾವಡರಲ್ಲಿ ನಿಂತಿದ್ದರು, ಅಳಿಯ ಮೊಬೈಲಿನಲ್ಲಿ ಪದ್ಯ ಹುಡುಕುತ್ತಿದ್ದ. ಈತ ಮೂಲೆಯಲ್ಲಿ ಕಾಫಿ ಕುಡಿಯುತ್ತ ಎಲ್ಲವನ್ನೂ ಕೇಳಿಸಿಕೊಂಡ. ಗೇಟಿನವರೆಗೆ ಬೀಳ್ಕೊಡಲು ಹೋದಾಗ ಮೆಲ್ಲಗೆ ಹೇಳಿದ:

‘ಸರ್, ನಾನು ಮೇಳಕ್ಕೆ ಸೇರಿದಾಗಲೇ ಎಲ್ಲ ಮುಗಿದಿತ್ತು ಅಂತ ಹೇಳಿದ್ರು. ಇಪ್ಪತ್ತೈದು ವರ್ಷ ಆಯ್ತು. ಮುಗಿದ ಮೇಲೆ ಇಷ್ಟು ವರ್ಷ ನಾನು ಯಾರ ಮುಂದೆ ಕುಣಿದದ್ದು?’

ನನ್ನಲ್ಲಿ ಉತ್ತರವಿರಲಿಲ್ಲ. ಬರುವ ತಿರುಗಾಟದ ಅನಂತರ ಮೇಳ ಬಿಡುವ ಯೋಚನೆಯಿದೆಯೆಂದೂ, ಮಗಳ ಓದಿನ ಖರ್ಚಿಗೆ ಒಂದು ಅಂಗಡಿ ಹಾಕಬೇಕೆಂದಿದ್ದೇನೆಂದೂ ಹೇಳಿದ. ಅದರಲ್ಲಿ ದೂರು ಇರಲಿಲ್ಲ, ಆಯಾಸವಿತ್ತು.

ಆ ತಿರುಗಾಟದಲ್ಲಿ ಅವನ ಮೇಳದ ಆಟ ನಮ್ಮ ಸಮೀಪದ ಬಯಲಿಗೆ ಬಂತು. ‘ಬಭ್ರುವಾಹನ ಕಾಳಗ’ ಎರಡನೆಯ ಪ್ರಸಂಗ. ಅವನಿಗೆ ವೃಷಕೇತುವಿನ ಪಾತ್ರ. ಸ್ವೆಟರು ತೊಟ್ಟು, ಫ್ಲಾಸ್ಕಿನಲ್ಲಿ ಚಹಾ ಹಿಡಿದುಕೊಂಡು ಹೋದೆ. ಒಂದು ಗಂಟೆಗೆ ಬೈಕುಗಳು ಹೊರಟವು. ಎರಡು ಗಂಟೆಗೆ ಮುಂದಿನ ಕುರ್ಚಿಗಳು ಖಾಲಿ. ಮೂರೂವರೆಗೆ ಅವನು ರಂಗಸ್ಥಳಕ್ಕೆ ಬಂದಾಗ ಎಣಿಸಿದೆ: ನಾನೂ ಸೇರಿ ಅರವತ್ತೇಳು ಮಂದಿ, ಅವರಲ್ಲಿ ಹತ್ತಾರು ಮಂದಿ ನಿದ್ದೆಯಲ್ಲಿ. ಮಂಡಿ ನೋವಿನವನು ಎಂದು ತಿಳಿದವರಿಗಲ್ಲದೆ ಇನ್ನೊಬ್ಬರಿಗೆ ಅದು ಗೊತ್ತಾಗುವಂತಿರಲಿಲ್ಲ. ಪ್ರವೇಶದ ಕುಣಿತವನ್ನು ಅವನು ಕುಂದಿಲ್ಲದೆ ಮುಗಿಸಿದ. ಭಾಗವತರು ಯುವಕರು, ಹೆಸರಾದವರಲ್ಲ. ಅವನ ಉಸಿರನ್ನು ನೋಡಿ ಪದ್ಯವನ್ನು ನಿಧಾನಿಸಿದರು. ಆ ಹೊಂದಾಣಿಕೆಯನ್ನು ನಾನು 1990ರ ದಶಕದಲ್ಲಿ ಮೆಚ್ಚಿದ್ದೆ, ಅಂದೂ ಮೆಚ್ಚಿದೆ.

ಬೆಳಗಾದ ಮೇಲೆ ಚೌಕಿಗೆ ಹೋದೆ. ಕಿರೀಟ ಬಿಚ್ಚಿ, ತೆಂಗಿನೆಣ್ಣೆ ಹಚ್ಚಿ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ.

‘ಸರ್, ಬೆಳಗಿನವರೆಗೂ ಇದ್ರಾ?’

‘ಇದ್ದೆ. ಕುಳಿತುಕೋ. ಎರಡು ಮಾತು ಹೇಳುವುದಿದೆ’ ಎಂದೆ. ‘ಪ್ರವೇಶ ಚೆನ್ನಾಗಿತ್ತು. ಮಾತಿನಲ್ಲಿ ಮೂರು ಸಲ ಕರ್ಣನ ಮಗ ನಾನು ಎಂದೆ, ಸರಿ. ಆದರೆ ಕರ್ಣನನ್ನು ಕೊಂದವನು ಅರ್ಜುನ. ಅದೇ ಅರ್ಜುನನ ಕುದುರೆಯ ಬೆಂಗಾವಲಿಗೆ ಬಂದು, ಅದೇ ಅರ್ಜುನನ ಮಗನ ಎದುರು ಪ್ರಾಣ ಕೊಡಲು ನಿಂತಿದ್ದೀ. ವೃಷಕೇತುವಿನ ಎದೆಯಲ್ಲಿ ಆಗ ಏನಿರಬೇಕು? ಅದು ನಿನ್ನ ಅರ್ಥದಲ್ಲಿ ಬರಲಿಲ್ಲ.’

ಒರೆಸುತ್ತಿದ್ದ ಕೈ ನಿಂತಿತು. ಅರ್ಧ ಮುಖದಲ್ಲಿ ಇನ್ನೂ ಬಣ್ಣವಿತ್ತು. ಸ್ವಲ್ಪ ಹೊತ್ತು ಕನ್ನಡಿಯನ್ನೇ ನೋಡುತ್ತ ಕುಳಿತ. ಆಮೇಲೆ ಪಕ್ಕದ ಪೆಟ್ಟಿಗೆಯನ್ನು ನನ್ನ ಕಡೆಗೆ ಸರಿಸಿ, ಕೂರಲು ಹೇಳಿ, ಕೇಳಿದ: ‘ಮತ್ತೆ, ಸರ್?’

ಎರಡನೆಯ ಮಾತು ಯುದ್ಧದ ಪದ್ಯದ ವಿಷಯ. ಅದನ್ನೂ ಹೇಳಿದೆ.